ವಂಶಾವಳಿ ಮತ್ತು ಸಮಾಧಿ: ಒಂದು ಸಾಕ್ಷ್ಯ ಪರಾಮರ್ಶೆ

ಊರುಗಳ ಚರಿತ್ರೆಯನ್ನೂ ಮನೆತನಗಳ ಇತಿಹಾಸವನ್ನೂ ಬರೆಯುವ ಉತ್ಸಾಹವು ಕನ್ನಡ ನಾಡಿನಲ್ಲಿ ಬೆಳೆದಿರುವುದು ಸಂತೋಷದ ಸಂಗತಿ. ಅರಸರ ಚರಿತ್ರೆಯೇ ನಾಡಿನ ಚರಿತ್ರೆಯೆಂಬ ಭಾವನೆ ಇದರಿಂದ ಸಡಿಲುತ್ತಿದೆ. ಆದರೆ ಇಂಥ ಗ್ರಂಥಗಳಲ್ಲಿ ಒಂದು ದೋಷವು ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ದಫ್ತರದಲ್ಲಿ ದೊರೆತ ವಂಶಾವಳಿಯನ್ನು ಲೇಖಕರು ಇದ್ದುದಿದ್ದಂತೆ ಅಚ್ಚು ಮಾಡಿ, ಅದನ್ನೇ ಮನೆತನದ ಪೂರ್ಣ ಚಿತ್ರವೆಂದು ಭಾವಿಸುತ್ತಾರೆ. ವಂಶಾವಳಿಯಾದರೋ ಯಾರೋ ಕೇಳಿದ ಪ್ರಶ್ನೆಗೆ ಯಾರೋ ಕೊಟ್ಟ ಉತ್ತರ. ಪ್ರಶ್ನೆಯನ್ನರಿಯದೆ ಉತ್ತರದ ಬೆಲೆ ಕಟ್ಟಲಾಗದು.

ಮುಂಬಯಿ ಕರ್ನಾಟಕದ ಇನಾಮು ವಿಚಾರಣೆಯ ಕಾಗದಪತ್ರಗಳನ್ನೇ ತೆಗೆದುಕೊಳ್ಳೋಣ. ೧೮೫೨ರ ೧೧ನೆಯ ಕಾಯಿದೆಯ ಮೇರೆಗೆ ಇನಾಮುದಾರರು ತಮ್ಮ ಭೂಮಿಯ ಹಕ್ಕನ್ನು ಸ್ಥಾಪಿಸಬೇಕಾಯಿತು. ಇಂಗ್ಲಿಷರ ಆಳಿಕೆ ಬರುವುದಕ್ಕೆ ಹಿಂದಿನ ೬೦ ವರ್ಷ ಎಡೆಬಿಡದೆ ಅನುಭವಿಸಿದ ಒಂದು ವರ್ಗದ ಇನಾಮುಗಳು, ಆಗಿನ ಹಿಡುವಳಿದಾರನಿಂದ ಗಂಡುಮಕ್ಕಳ ಮೂಲಕವೇ ಇಳಿದುಬಂದ ಗಂಡುಸಂತಾನ ಇರುವವರೆಗೆ ಮಾತ್ರ ಮುಂದುವರಿಯತಕ್ಕವು ಎಂಬುದು ಅದರ ಒಂದು ನಿಯಮ. ಹೀಗಿರುವಲ್ಲಿ ವಂಶವೃಕ್ಷದಲ್ಲಿ ಮಗಳ ಹೆಸರಿಗೆ ಎಡೆಯೆಲ್ಲಿ? ನಾಲ್ಕು ತಲೆಮಾರಿನಲ್ಲಿ ಒಬ್ಬ ಹೆಣ್ಣುಮಗಳೂ ಕಾಣಿಸದಿದ್ದರೆ ಅದು ಆ ಮನೆತನದ ಸ್ವಭಾವವನ್ನು ಹೇಳುವುದಿಲ್ಲ; ಸರಕಾರವು ಏನನ್ನು ಕೇಳಿತ್ತೆಂಬುದನ್ನು ಹೇಳುತ್ತದೆ. ಈ ಭೇದವನ್ನು ಕಾಣದವನು ಕಾಯಿದೆಯ ಮೌನವನ್ನು ಮನೆಯ ಮೌನವೆಂದು ತಿಳಿಯುತ್ತಾನೆ.

ಹೆಳವರ ಹೊತ್ತಗೆಗಳ ರೀತಿ ಬೇರೆ. ತಮಗೆ ಪರಂಪರೆಯಿಂದ ಬಂದ ಒಕ್ಕಲುಮನೆಗಳಿಗೆ ಹೋಗಿ, ಹಿರಿಯರ ಹೆಸರುಗಳನ್ನು ಹಾಡಿ ಹೇಳಿ, ಹೊಸದಾಗಿ ಹುಟ್ಟಿದವರನ್ನು ಬರೆದುಕೊಂಡು, ದವಸಧಾನ್ಯ ಪಡೆಯುವುದು ಅವರ ವೃತ್ತಿ. ಕೊಡುವ ಕೈಯನ್ನು ಹೊಗಳುವುದು ಈ ವೃತ್ತಿಗೆ ಸಹಜ. ಆದ್ದರಿಂದ ಮೂಲಪುರುಷನ ಶೌರ್ಯದ ಕಥೆಯನ್ನು ಆ ಮನೆತನವು ತನ್ನನ್ನು ಹೇಗೆ ಕಂಡುಕೊಂಡಿತೆಂಬುದಕ್ಕೆ ಸಾಕ್ಷ್ಯವಾಗಿ ಓದಬೇಕು. ಭೇಟಿಕೊಟ್ಟಾಗಲೆಲ್ಲ ಬರೆದು ಸೇರಿಸಿದ ಈಚಿನ ಹೆಸರುಗಳಿಗಾದರೋ ಹೆಚ್ಚಿನ ಬೆಲೆಯುಂಟು. ಒಂದೇ ಹೊತ್ತಗೆಯ ಎರಡು ಭಾಗಗಳನ್ನು ಒಂದೇ ತಕ್ಕಡಿಯಲ್ಲಿ ತೂಗಬಾರದು. ಕರ್ನಲ್ ಮೆಕೆಂಜಿಯ ಸಹಾಯಕರು ಊರೂರು ಸುತ್ತಿ ಕೂಡಿಸಿದ ಕೈಫಿಯತ್ತುಗಳಿಗೂ ಈ ವಿವೇಚನೆ ಸಲ್ಲುತ್ತದೆ. ಡಾ. ಎಂ. ಎಂ. ಕಲಬುರ್ಗಿಯವರು ೧೯೯೪ರಲ್ಲಿ ಅವುಗಳನ್ನು ಸಂಪಾದಿಸಿ ಕೊಟ್ಟ ಮೇಲೆ, ಅವು ದೂರದವೆಂಬ ನೆಪವೂ ನಮಗೆ ಉಳಿದಿಲ್ಲ.

ವಂಶದ ಪ್ರಶ್ನೆಯು ಎಷ್ಟು ದೂರ ಹೋಗಬಲ್ಲುದೆಂಬುದಕ್ಕೆ ಕಿತ್ತೂರೇ ನಿದರ್ಶನ. ಶಿವಲಿಂಗರುದ್ರ ಸರ್ಜನ ದತ್ತಕವನ್ನು ಕಂಪನಿ ಸರಕಾರ ಒಪ್ಪಲಿಲ್ಲ. ೧೮೨೪ರ ಅಕ್ಟೋಬರ್ ೨೩ರಂದು ನಡೆದ ಕಾಳಗದಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ಮಡಿದನು. ಧಾರವಾಡದಲ್ಲಿ ಅವನ ಸ್ಮಾರಕವಿದೆ. ೧೮೨೯ರಲ್ಲಿ ಸೆರೆಯಲ್ಲಿ ಲಿಂಗೈಕ್ಯಳಾದ ರಾಣಿ ಚೆನ್ನಮ್ಮನ ಸಮಾಧಿ ಬೈಲಹೊಂಗಲದಲ್ಲಿದೆ. ಒಂದೇ ಘಟನೆಯ ಎರಡು ಪಕ್ಷಗಳಿಗೂ ನೆಲವು ಎಡೆಕೊಟ್ಟಿದೆ. ಆದರೆ ಸಾಮಾನ್ಯ ಜನರ ಮಾತಿಗೆ ಬಂದಾಗ ಈ ಸಮತೆ ಉಳಿಯುವುದಿಲ್ಲ. ಇಂಗ್ಲಿಷರ ಪಾದ್ರಿಗಳು ಬರೆದ ಜನನ, ವಿವಾಹ, ಮರಣಗಳ ಪಟ್ಟಿಯ ಪ್ರತಿಗಳು ಮೂರು ಪ್ರಾಂತಗಳಿಂದಲೂ ಲಂಡನ್ನಿಗೆ ಹೋಗುತ್ತಿದ್ದವು. ಇಂದು ಅವು ಬ್ರಿಟಿಷ್ ಲೈಬ್ರರಿಯಲ್ಲಿವೆ. ದಂಡಿನಲ್ಲಿ ತೀರಿಕೊಂಡ ಸಿಪಾಯಿಯ ಕೂಸನ್ನೂ ಅಲ್ಲಿ ಹುಡುಕಬಹುದು. ೧೯೭೬ರಲ್ಲಿ ಸ್ಥಾಪಿತವಾದ ಒಂದು ಬ್ರಿಟಿಷ್ ಸಂಘವು ದಕ್ಷಿಣ ಏಷ್ಯದ ಐರೋಪ್ಯ ಸ್ಮಶಾನಗಳ ಬರಹಗಳನ್ನೇ ಸಂಗ್ರಹಿಸುತ್ತ ಬಂದಿದೆ.

ಲಿಂಗವಂತರಲ್ಲಿ ಭೂಸಂಸ್ಕಾರವೇ ಪದ್ಧತಿ. ಆದರೆ ಹಿರಿಯ ಗುರುಗಳ ಗದ್ದುಗೆಗಳನ್ನು ಬಿಟ್ಟರೆ, ಹೊಲದ ಮೂಲೆಯ ಒಕ್ಕಲಿಗನ ಸಮಾಧಿಯ ಮೇಲೆ ಹೆಸರು ಬರೆಯಿಸುವುದು ಹಿಂದಿನವರ ವಾಡಿಕೆಯಾಗಿರಲಿಲ್ಲ. ಇಂಥ ನೆಲದಲ್ಲಿ ಅಜ್ಜನ ಮಗ್ಗುಲಲ್ಲಿ ಅಜ್ಜಿಯೂ, ಮದುವೆಯಾಗದೆ ತೀರಿದ ಮಗಳೂ ಇರುತ್ತಾರೆ. ಕಾಗದವು ಬಿಟ್ಟವರನ್ನು ಮಣ್ಣು ಬಿಟ್ಟಿಲ್ಲ. ವಂಶಾವಳಿಯ ಕೊರತೆಯನ್ನು ತುಂಬಬಲ್ಲ ಸಾಕ್ಷ್ಯವೆಂದರೆ ಇದೇ. ಆದರೆ ಯಾವ ಕಟ್ಟೆ ಯಾರದೆಂಬುದು ಮನೆಯ ಹಿರಿಯರ ನೆನಪಿನಲ್ಲಿ ಮಾತ್ರ ಉಳಿದಿದೆ. ಹೊಲವು ಕೈಬದಲಾಗಿ, ಕಟ್ಟೆಯು ನೇಗಿಲಿಗೆ ಸಿಕ್ಕಿದರೆ, ಆ ಹೆಸರುಗಳನ್ನು ಯಾವ ದಫ್ತರವೂ ಮರಳಿ ಕೊಡಲಾರದು.

ಆದುದರಿಂದ ಗ್ರಾಮಚರಿತ್ರೆಯ ಲೇಖಕರು ವಂಶಾವಳಿಯನ್ನು ಅಚ್ಚು ಮಾಡುವಾಗ ಅದು ಯಾವ ಕಚೇರಿಗೆ, ಯಾವ ವರ್ಷ, ಯಾವ ಹಕ್ಕಿಗಾಗಿ ಬರೆದದ್ದೆಂಬುದನ್ನು ತಲೆಯಲ್ಲಿಯೇ ಕಾಣಿಸಬೇಕು. ಹಿರಿಯರನ್ನು ಕರೆದೊಯ್ದು ಸಮಾಧಿಗಳ ಪಟ್ಟಿಯನ್ನು ಸರ್ವೆ ನಂಬರಿನೊಡನೆ ಬರೆದು, ವಂಶಾವಳಿಯ ಪಕ್ಕದಲ್ಲಿ ಇಡಬೇಕು. ಎರಡೂ ಹೊಂದದೆಡೆಯಲ್ಲಿ ತಿದ್ದದೆ, ಭೇದವನ್ನು ಭೇದವೆಂದೇ ತೋರಿಸಬೇಕು. ಸನದುಗಳನ್ನು ಜೋಪಾನಮಾಡಿದ ನಮ್ಮ ಮಠಗಳಿಗೆ ಈ ಕೆಲಸ ಹೊಸದಲ್ಲ, ಭಾರವೂ ಅಲ್ಲ. ಹಕ್ಕಿನ ಪತ್ರಗಳನ್ನು ಕಾಯ್ದುಕೊಂಡವರು ಹೆಸರುಗಳನ್ನೂ ಕಾಯ್ದುಕೊಳ್ಳುವುದು ಉಚಿತವಾಗಿದೆ.