ಹೋಗಿ ಬಂದವರು ಒಪ್ಪಿಸುವ ಲೆಕ್ಕ

ಲೋಕಸಭೆಯ ನಡಾವಳಿಯನ್ನು ನಾನು ರುಚಿಗಾಗಿ ಓದುತ್ತೇನೆ. ಗದ್ದಲದ ಪುಟಗಳನ್ನಲ್ಲ, ಮಂತ್ರಿಯೊಬ್ಬರು ಯಾರೂ ಕೇಳದೆಯೇ ಎದ್ದು ನಿಂತು, ಹೊರದೇಶದಲ್ಲಿ ನಡೆದಿರುವ ಮಾತುಕತೆ ಎಲ್ಲಿಗೆ ಬಂತು ಎಂದು ಸದನಕ್ಕೆ ತಿಳಿಸುವ ಪುಟಗಳನ್ನು. ಸ್ವಯಂಪ್ರೇರಿತ ಹೇಳಿಕೆ ಎನ್ನುತ್ತಾರೆ. ಅದರ ಭಾಷೆಗೆ ಬೇರೆಯದೇ ಹದವಿದೆ. ಎದುರಿಗೆ ಕೂತ ವಿರೋಧ ಪಕ್ಷದವರು ಅದನ್ನು ಕೇಳುತ್ತಾರೆ, ಸಾವಿರಾರು ಮೈಲಿ ಆಚೆ ಮೇಜಿನ ಇನ್ನೊಂದು ಬದಿಗೆ ಕೂತವರೂ ಓದುತ್ತಾರೆ. ಇಲ್ಲಿಯವರಿಂದ ಮುಚ್ಚಿಡುವಂತಿಲ್ಲ, ಅಲ್ಲಿಯವರಿಗೆ ಗುಟ್ಟು ಬಿಟ್ಟುಕೊಡುವಂತಿಲ್ಲ. ಒಂದೊಂದು ಕ್ರಿಯಾಪದವನ್ನೂ ತೂಗಿ ಇಟ್ಟಿದ್ದಾರೆಂಬುದು ಎರಡನೇ ಓದಿಗೆ ತಿಳಿಯುತ್ತದೆ.

1996ರ ಪುಟಗಳು ಹಾಸನದ ಕಡೆಯ ಓದುಗರಿಗೆ ಇನ್ನೂ ಹತ್ತಿರ. ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯ ದೇವೇಗೌಡರು ಆ ವರ್ಷ ಜೂನ್ 1ರಂದು ಪ್ರಧಾನಿಯಾದರು. ಮೂರು ವಾರ ತುಂಬುವ ಮುನ್ನವೇ, ಜೂನ್ 20ರಂದು, ಜಿನೀವಾದ ನಿಶ್ಶಸ್ತ್ರೀಕರಣ ಸಮ್ಮೇಳನದಲ್ಲಿ ರಾಯಭಾರಿ ಅರುಂಧತಿ ಘೋಷ್ ಅವರು ಅಣುಪರೀಕ್ಷೆ ನಿಷೇಧ ಒಪ್ಪಂದಕ್ಕೆ ಈ ರೂಪದಲ್ಲಿ ಭಾರತದ ಒಪ್ಪಿಗೆಯಿಲ್ಲ ಎಂದು ಹೇಳಿಬಿಟ್ಟರು. ಜುಲೈನಲ್ಲಿ ವಿದೇಶಾಂಗ ಸಚಿವ ಐ.ಕೆ. ಗುಜ್ರಾಲ್ ಲೋಕಸಭೆಯಲ್ಲಿ ಎದ್ದು ನಿಂತು ಅದರ ಕಾರಣಗಳನ್ನು ಮುಂದಿಟ್ಟರು. ಅಣ್ವಸ್ತ್ರ ಇರುವವರು ಅದನ್ನು ಇಂಥ ಕಾಲದೊಳಗೆ ತೊರೆಯುತ್ತೇವೆ ಎಂಬ ಮಾತು ಕರಡಿನಲ್ಲಿ ಎಲ್ಲೂ ಇಲ್ಲ, ದೇಶದ ಭದ್ರತೆಯನ್ನು ಕಡೆಗಣಿಸಿ ಸಹಿ ಹಾಕಲಾಗದು ಎಂಬುದು ಅದರ ತಿರುಳು.

ಆಗಿನ ಸ್ಥಿತಿಯನ್ನು ನೆನೆದರೆ ಈ ದೃಶ್ಯದ ಸೊಗಸು ಹೆಚ್ಚುತ್ತದೆ. ಸರ್ಕಾರಕ್ಕೆ ಸ್ವಂತ ಬಹುಮತವಿಲ್ಲ, ಕಾಂಗ್ರೆಸ್ಸಿನದು ಹೊರಗಿನ ಬೆಂಬಲ, ಎದುರಿನ ಸಾಲಿನಲ್ಲಿ ವಿರೋಧ ಪಕ್ಷದ ನಾಯಕರಾಗಿ ವಾಜಪೇಯಿ. ಆದರೂ ಈ ಒಂದು ವಿಷಯದಲ್ಲಿ ಎಡದವರೂ ಬಲದವರೂ ಸರ್ಕಾರದ ಬೆನ್ನಿಗೆ ನಿಂತರು. ಸೆಪ್ಟೆಂಬರ್ 10ರಂದು ವಿಶ್ವಸಂಸ್ಥೆಯ ಮಹಾಸಭೆಯಲ್ಲಿ ಒಪ್ಪಂದದ ಪರ 158 ಮತ ಬಿದ್ದವು, ವಿರುದ್ಧ ಮೂರೇ ಮೂರು: ಭಾರತ, ಭೂತಾನ್, ಲಿಬಿಯಾ. ಅಷ್ಟು ಒಂಟಿಯಾಗಿ ನಿಂತಾಗಲೂ ಕಾಲು ನಡುಗದಿರಬೇಕಾದರೆ ಹಿಂದೆ ಸದನವೊಂದು ಇದೆಯೆಂಬ ಧೈರ್ಯ ಬೇಕು. ಆ ಒಪ್ಪಂದ ಸರಿಯೋ ತಪ್ಪೋ ಎಂಬ ವಾದ ಇಂದಿಗೂ ಮುಗಿದಿಲ್ಲ; ಸದನದ ಮುಂದೆ ಲೆಕ್ಕ ಒಪ್ಪಿಸಿದ ಆ ರೀತಿಯ ಘನತೆಗಂತೂ ನಾನು ಪೂರ್ತಿ ಮನಸೋತಿದ್ದೇನೆ.

ಕಾನೂನಿನ ಪ್ರಕಾರ ಇದರ ಅಗತ್ಯವೇ ಇರಲಿಲ್ಲ. ನಮ್ಮಲ್ಲಿ ಒಪ್ಪಂದ ಮಾಡಿಕೊಳ್ಳುವುದು ಸರ್ಕಾರದ ಕೆಲಸ. ಅದನ್ನು ಜಾರಿಗೆ ತರುವ ಕಾಯ್ದೆ ಮಾಡುವ ಅಧಿಕಾರವನ್ನು ಸಂವಿಧಾನದ 253ನೇ ವಿಧಿ ಸಂಸತ್ತಿಗೆ ಕೊಟ್ಟಿದೆ, ಸಹಿಗೆ ಮೊದಲು ಸಂಸತ್ತಿನ ಒಪ್ಪಿಗೆ ಬೇಕೆಂದು ಎಲ್ಲೂ ಹೇಳಿಲ್ಲ. ಕಟ್ಟಳೆಯಿಲ್ಲದ ಕಡೆ ರೂಢಿಯೇ ಕೆಲಸ ಮಾಡಬೇಕು. 1993ರಲ್ಲಿ ಇಲಾಖಾವಾರು ಸ್ಥಾಯಿ ಸಮಿತಿಗಳು ಹುಟ್ಟಿದ ಮೊದಲ ವರ್ಷವೇ ವಾಣಿಜ್ಯ ಸಮಿತಿ ವಿಶ್ವ ವ್ಯಾಪಾರದ (ಗ್ಯಾಟ್) ಮಾತುಕತೆಯ ಡಂಕೆಲ್ ಕರಡನ್ನು ಕೈಗೆತ್ತಿಕೊಂಡು ವರದಿ ಬರೆಯಿತು. ಹೊರಗೆ ರೈತ ಸಂಘ ಅದೇ ಕರಡಿನ ವಿರುದ್ಧ ಬೀದಿಗಿಳಿದಿದ್ದ ಕಾಲ. ಆ ಸಮಿತಿಯ ಅಧ್ಯಕ್ಷರು ಯಾರೆಂದುಕೊಂಡಿರಿ? ಇದೇ ಗುಜ್ರಾಲ್. ಕೇಳುವ ಕುರ್ಚಿಯಲ್ಲಿ ಕೂತವರು ಮೂರು ವರ್ಷದ ಬಳಿಕ ಉತ್ತರ ಹೇಳುವ ಜಾಗದಲ್ಲಿ ನಿಂತರು. ಅವರ ಹೇಳಿಕೆಯ ಹದಕ್ಕೆ ಇದೂ ಒಂದು ಕಾರಣವೆಂದು ನನ್ನ ನಂಬಿಕೆ.

ನಮ್ಮ ಕಡೆ ಸಂಬಂಧದ ಮಾತಿಗೆ ಹೋದವರು ಮನೆಗೆ ಬಂದು ಹಿರಿಯರಿಗೆ ಎಲ್ಲ ಹೇಳದೆ ಮುಂದಿನ ಮಾತಿಗೆ ಹೋಗುವುದಿಲ್ಲ. ಡೆನ್ಮಾರ್ಕಿನವರು ಇದನ್ನೇ ಕಟ್ಟುಪಾಡು ಮಾಡಿಕೊಂಡಿದ್ದಾರೆ. ಬ್ರಸೆಲ್ಸ್‌ಗೆ ಹೊರಡುವ ಮಂತ್ರಿ ಮಹತ್ವದ ವಿಷಯವಾದರೆ ಮೊದಲು ಸಂಸತ್ತಿನ ಯುರೋಪ್ ವ್ಯವಹಾರಗಳ ಸಮಿತಿಯ ಮುಂದೆ ತನ್ನ ನಿಲುವನ್ನು ಬಾಯಿಬಿಟ್ಟು ಹೇಳಬೇಕು. ಬಹುಮತ ವಿರುದ್ಧವಾಗಿ ನಿಲ್ಲದಿದ್ದರೆ ಮಾತ್ರ ಆ ನಿಲುವು ಹಿಡಿದು ಹೊರಡಬಹುದು. ಅಷ್ಟು ದೂರ ಹೋಗುವುದೂ ಬೇಡ. ಅದೇ 1996ರ ಸೆಪ್ಟೆಂಬರಿನಲ್ಲಿ ನೇಪಾಳದ ಸಂಸತ್ತು ಭಾರತದೊಡನೆ ಆದ ಮಹಾಕಾಳಿ ಒಪ್ಪಂದವನ್ನು ಮೂರನೇ ಎರಡರಷ್ಟು ಬಹುಮತದಿಂದ ಅನುಮೋದಿಸಿತು. ಜೊತೆಗೆ ತನ್ನದೇ ಷರತ್ತುಗಳ ಸಂಕಲ್ಪವನ್ನೂ ಸೇರಿಸಿತು. ಇತ್ತ ಅದೇ ಒಪ್ಪಂದಕ್ಕೆ ನಮ್ಮ ಸದನದಲ್ಲಿ ಮತದ ಪ್ರಶ್ನೆಯೇ ಬರಲಿಲ್ಲ.

ಇದು ದೆಹಲಿಯ ಕಥೆ ಮಾತ್ರ ಎನ್ನಬೇಡಿ. 2012ರಿಂದ 2019ರವರೆಗೆ ಆರ್‌ಸಿಇಪಿ ಎಂಬ ಏಷ್ಯಾ-ಪೆಸಿಫಿಕ್ ಮುಕ್ತ ವ್ಯಾಪಾರ ಒಪ್ಪಂದದ ಮಾತುಕತೆ ಗುಟ್ಟಾಗಿಯೇ ಸಾಗಿತು. ನ್ಯೂಜಿಲೆಂಡಿನ ಹಾಲಿನ ಪುಡಿ ಬಂದರೆ ಚನ್ನರಾಯಪಟ್ಟಣ, ಅರಕಲಗೂಡಿನ ಹಳ್ಳಿಗಳಲ್ಲಿ ದಿನಾ ಎರಡು ಹೊತ್ತು ಡೇರಿಗೆ ಹಾಲು ಹಾಕುವವರ ಗತಿಯೇನು ಎಂದು ಸದನದಲ್ಲಿ ಕರಡು ಹಿಡಿದು ಕೇಳಲು ಕರಡೇ ಕೈಯಲ್ಲಿರಲಿಲ್ಲ. 2019ರ ನವೆಂಬರ್ 4ರಂದು ಬ್ಯಾಂಕಾಕಿನಲ್ಲಿ ಭಾರತ ಹಿಂದೆ ಸರಿಯಿತು, ಸರಿ. ಹೊಕ್ಕಿದ್ದರೆ? ಆ ಏಳು ವರ್ಷದ ಮೌನ ನನ್ನನ್ನು ಈಗಲೂ ನೋಯಿಸುತ್ತದೆ.

ಮತ್ತೆ ಮತ್ತೆ ಓದುವ ಇನ್ನೊಂದು ಪಠ್ಯವಿದೆ: 1996ರ ಡಿಸೆಂಬರ್ 12ರಂದು ದೇವೇಗೌಡರೂ ಬಾಂಗ್ಲಾದೇಶದ ಪ್ರಧಾನಿ ಶೇಖ್ ಹಸೀನಾರೂ ಸಹಿ ಹಾಕಿದ ಗಂಗಾ ಒಪ್ಪಂದ. ಫರಕ್ಕಾ ಬ್ಯಾರೇಜಿನಲ್ಲಿ ಜನವರಿ 1ರಿಂದ ಮೇ 31ರವರೆಗೆ ನೀರಿನ ಹಂಚಿಕೆ, ಹತ್ತು ಹತ್ತು ದಿನದ ಲೆಕ್ಕ. 70,000 ಕ್ಯೂಸೆಕ್ ಅಥವಾ ಅದಕ್ಕಿಂತ ಕಡಿಮೆ ಬಂದರೆ ಅರ್ಧರ್ಧ. 75,000ದವರೆಗೆ ಬಾಂಗ್ಲಾದೇಶಕ್ಕೆ 35,000, ಉಳಿದದ್ದು ನಮಗೆ. ಅದಕ್ಕೂ ಮೇಲಾದರೆ ನಮಗೆ 40,000, ಮಿಕ್ಕದ್ದು ಅವರಿಗೆ. ಹೇಮಾವತಿ ನಾಲೆಯ ಕೊನೆ ಭಾಗದ ರೈತ ಒಂದೇ ಓದಿಗೆ ಇದನ್ನು ಹಿಡಿದುಬಿಡುತ್ತಾನೆ. ಪ್ರಧಾನಿ ಸದನಕ್ಕೆ ಬಂದು ಇದನ್ನು ತಿಳಿಸಿದರು, ಆದರೆ ಸಹಿ ಬಿದ್ದ ಮೇಲೆ. ಅದರ 30 ವರ್ಷದ ಅವಧಿ 2026ರ ಡಿಸೆಂಬರಿಗೆ ಮುಗಿಯುತ್ತದೆ. ಹೊಸ ಕರಡಿನ ಅಂಕಿಗಳನ್ನು ಶಾಯಿ ಬೀಳುವ ಮೊದಲೇ ವಿದೇಶಾಂಗ ವ್ಯವಹಾರಗಳ ಸ್ಥಾಯಿ ಸಮಿತಿಯ ಮೇಜಿನ ಮೇಲೆ ಇಡಬೇಕು.