ಮನೆಯವರನ್ನು ಕೇಳುವುದು ಯಾವಾಗ?

ಮಗುವನ್ನು ಸಂಸ್ಥೆಗೆ ಸೇರಿಸುವುದು ಕೊನೆಯ ದಾರಿಯಾಗಬೇಕು, ಪಾಲನೆಯ ಮೊದಲ ಹೊಣೆ ಕುಟುಂಬದ್ದು ಎನ್ನುತ್ತದೆ 2015ರ ಬಾಲನ್ಯಾಯ ಕಾಯ್ದೆ. ತತ್ವದ ಬಗ್ಗೆ ನನ್ನ ತಕರಾರಿಲ್ಲ; ತಕರಾರಿರುವುದು ಕ್ರಮದ ಬಗ್ಗೆ. ಆಸರೆ ಬೇಕಾದ ಮಗು ಸಿಕ್ಕ 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಬರಬೇಕು, 15 ದಿನದಲ್ಲಿ ಸಾಮಾಜಿಕ ತನಿಖಾ ವರದಿಯಾಗಬೇಕು. ಆ ವರದಿಯಲ್ಲಿ ಮನೆಯವರು ಕೇಳಿದ್ದಕ್ಕೆ ಉತ್ತರ ಕೊಡುವವರು, ಅಷ್ಟೇ. ಬಂಧುಬಳಗ ಒಟ್ಟಿಗೆ ಕೂತು ‘ನಾವು ಹೀಗೆ ನೋಡಿಕೊಳ್ಳುತ್ತೇವೆ’ ಎಂದು ಹೇಳುವ ಬೈಠಕ್ಕನ್ನು ಕಾಯ್ದೆ ಕಡ್ಡಾಯ ಮಾಡಿಲ್ಲ.

ಭಟ್ಕಳ, ಹೊನ್ನಾವರ, ಕುಮಟಾದ ಮೀನುಗಾರ ಕೇರಿಗಳಲ್ಲಿ ಈ ಕೊರತೆ ಏನು ಮಾಡಬಹುದು ನೋಡಿ. ಅಪ್ಪ ಬೋಟಿಗೆ ಹೋದವನು ಮಲ್ಪೆಯಲ್ಲೋ ಗೋವೆಯಲ್ಲೋ ಇದ್ದಾನೆ. ಅಮ್ಮ ಮಣಿಪಾಲದ ಆಸ್ಪತ್ರೆಯಲ್ಲಿ. ಮಕ್ಕಳಿಗೆ ದಿಕ್ಕಿಲ್ಲ ಎಂದು ಕಡತ ಬರೆದೀತು. ಆದರೆ ದೊಡ್ಡಮ್ಮ ರಾತ್ರಿ ಮಲಗಿಸಿಕೊಳ್ಳಬಲ್ಲಳು. ಸೋದರಮಾವ ಶಾಲೆಗೆ ಬಿಡಬಲ್ಲ. ಬುಟ್ಟಿ ಹೊತ್ತು ಮೀನು ಮಾರುವ ಅಜ್ಜಿ ಮಧ್ಯಾಹ್ನದ ಮೇಲೆ ಮನೆಯಲ್ಲಿರುತ್ತಾಳೆ. ಬೇರೆ ಬೇರೆಯಾಗಿ ವಿಚಾರಿಸಿದರೆ ಮೂವರೂ ‘ನನ್ನೊಬ್ಬಳ ಕೈಲಾಗದು’, ‘ನನ್ನೊಬ್ಬನಿಂದಾಗದು’ ಎನ್ನುತ್ತಾರೆ. ಕೂಡಿಸಿ ಕೇಳಿದರೆ ಒಂದು ಮನೆಯೇ ಎದ್ದು ನಿಲ್ಲುತ್ತದೆ. ಭಟ್ಕಳಕ್ಕೆ ಜಿಲ್ಲಾಕೇಂದ್ರ ಕಾರವಾರ ನೂರು ಕಿಲೋಮೀಟರಿಗೂ ದೂರ. ಆ ಅಜ್ಜಿಯನ್ನು ಅಲ್ಲಿಗೆ ಕರೆಸಿದರೆ ಅವತ್ತಿನ ದುಡಿಮೆ ಹೋಯಿತು.

ನ್ಯೂಜಿಲೆಂಡ್ 1989ರಲ್ಲೇ ಇಂಥ ಕುಟುಂಬ ಸಭೆಯನ್ನು ಕಾನೂನಾಗಿಸಿತು. ತಮ್ಮ ಮಕ್ಕಳನ್ನು ಸರ್ಕಾರ ಒಯ್ಯುತ್ತಿದೆ ಎಂಬ ಮಾವೊರಿ ಜನರ ನೋವು ಅದರ ಹಿಂದಿತ್ತು. ಅಧಿಕಾರಿಗಳು ವಿಷಯ ತಿಳಿಸಿ ಹೊರಗೆ ಹೋಗುತ್ತಾರೆ, ಮನೆಯವರು ತಾವೇ ಮಾತಾಡಿಕೊಳ್ಳುತ್ತಾರೆ. ನಾವು ತರಬೇಕಾದದ್ದು ಈ ಹೊರಗೆ ಹೋಗುವ ಸೌಜನ್ಯವನ್ನು.

ಆದರೆ ಮನೆಗೆ ಕಳಿಸುವ ಅವಸರವೂ ಅಪಾಯವೇ. 2020ರ ಸೆಪ್ಟೆಂಬರಿನಲ್ಲಿ ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ ಕರ್ನಾಟಕವೂ ಸೇರಿ ಎಂಟು ರಾಜ್ಯಗಳಿಗೆ, ಸಂಸ್ಥೆಗಳಲ್ಲಿದ್ದ ಮಕ್ಕಳನ್ನು ನೂರು ದಿನದೊಳಗೆ ಕುಟುಂಬಕ್ಕೆ ಸೇರಿಸಲು ಸೂಚಿಸಿತು. ಗಡುವಿಗೆ ಮನೆ ಸುಧಾರಿಸುವುದಿಲ್ಲ. ಹೊಡೆತವೋ ಅದಕ್ಕಿಂತ ಕೆಟ್ಟದ್ದೋ ಮನೆಯೊಳಗೇ ಇದ್ದರೆ, ಆ ಕೈ ಬೈಠಕ್ಕಿನಲ್ಲಿ ಕೂರಕೂಡದು. ಜಾತಿಯ ಹಿರಿಯರ ಪಂಚಾಯತಿಯನ್ನೂ ಕುಟುಂಬವೆಂದು ಎಣಿಸಬಾರದು. ಮಾನದ ಮಾತು ಮುಂದಾದಲ್ಲಿ ಹುಡುಗಿಯ ದೂರು ಹಿಂದಾಗುತ್ತದೆ. ಮಗುವಿನ ಪರ ಮಾತಾಡಲೆಂದೇ ಒಬ್ಬರು ಅಲ್ಲಿರಬೇಕು.

ಇನ್ನು ದುಡ್ಡು. ಕೇಂದ್ರದ ಮಕ್ಕಳ ರಕ್ಷಣಾ ಯೋಜನೆ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವದಲ್ಲಿ ಮಗುವಿಗೆ ತಿಂಗಳಿಗೆ 4,000 ರೂಪಾಯಿ ಇದೆ. ಹಳ್ಳಿಯಲ್ಲಿ ಕುಟುಂಬದ ವಾರ್ಷಿಕ ಆದಾಯ 72,000 ಮೀರಬಾರದು. ಅರ್ಜಿ, ದಾಖಲೆ ಎಂದು ಅಲೆಸದೆ ಈ ಹಣವನ್ನು ಅದೇ ಬೈಠಕ್ಕಿನಲ್ಲಿ ಗೊತ್ತುಮಾಡಬೇಕು. ಬೈಠಕ್ಕು ನಡೆಯಬೇಕಾದದ್ದು ಆಯಾ ಗ್ರಾಮ ಪಂಚಾಯತಿಯಲ್ಲಿ, ಮೀನುಪೇಟೆ ಮುಗಿದ ಮೇಲೆ. ಅಧಿಕಾರಿಗಳೇ ಬಸ್ಸು ಹತ್ತಿ ಬರಲಿ.