ಲಯ ಮುರಿದರೆ ಕಿವಿಗೆ ಹಿತ

ಬೇಸಿಗೆಯ ರಾತ್ರಿ ಶಹಾಪುರದಲ್ಲಿ ಕರೆಂಟ್ ಹೋದರೂ ಫ್ಯಾನ್ ತಿರುಗುತ್ತಲೇ ಇರುತ್ತದೆ, ಮೂಲೆಯಲ್ಲಿ ಇನ್ವರ್ಟರ್ ಇದೆ. ಕೆಡುವುದು ನನ್ನ ರೇಡಿಯೊ. ಧಾರವಾಡ ಆಕಾಶವಾಣಿಯ ಹಾಡಿನ ಮೇಲೆ ತೆಳ್ಳನೆಯ ಸಿಳ್ಳೆಯೊಂದು ಬಂದು ಕೂರುತ್ತದೆ. ಅದೇ ಸೆಟ್ಟನ್ನು ಸುರಪುರದ ಟೇಲರ್ ಮಂಜಿಲ್ ಗುಡ್ಡಕ್ಕೆ ಒಯ್ದು ಕೇಳಿದ್ದೇನೆ, ಹಾಡು ತಿಳಿಯಾಗಿತ್ತು. ದೋಷ ರೇಡಿಯೊದ್ದಲ್ಲ, ಇನ್ವರ್ಟರಿನದು.

ಬ್ಯಾಟರಿಯ ಡಿಸಿಯನ್ನು ಎಸಿ ಮಾಡಲು ಇನ್ವರ್ಟರಿನೊಳಗಿನ ಸ್ವಿಚ್‌ಗಳು ಸೆಕೆಂಡಿಗೆ ಸಾವಿರಾರು ಸಲ ತೆರೆದು ಮುಚ್ಚುತ್ತವೆ. ಈ ಲಯ ಒಂದೇ ಸಮನಾಗಿದ್ದರೆ ಗದ್ದಲವೆಲ್ಲ ಆ ವೇಗದ ಗುಣಕಗಳಲ್ಲಿ ಗುಡ್ಡೆ ಬೀಳುತ್ತದೆ. ಅವೇ ಹಾರ್ಮೋನಿಕ್ಸ್. ಲಯ ಸೆಕೆಂಡಿಗೆ 9,000 ಸಲ ಎಂದಿಟ್ಟುಕೊಳ್ಳಿ. ಅದರ 85ನೇ ಗುಣಕ 765 ಕಿಲೋಹರ್ಟ್ಜ್, ಅಲ್ಲಿ ಧಾರವಾಡ. 68ನೆಯದು 612, ಅಲ್ಲಿ ಬೆಂಗಳೂರು. ನಮ್ಮ ಮಧ್ಯಮ ತರಂಗದ ಕೇಂದ್ರಗಳೆಲ್ಲ 9ರ ಮಗ್ಗಿಯಲ್ಲೇ ಇವೆ!

ಇದಕ್ಕೊಂದು ಚೆಂದದ ಮದ್ದಿದೆ: ಲಯವನ್ನು ಬೇಕೆಂದೇ ಮುರಿಯುವುದು. ಪ್ರತಿ ಸಲವೂ ಸ್ವಿಚಿಂಗ್ ಅವಧಿಯನ್ನು ಗೊತ್ತುಗುರಿಯಿಲ್ಲದೆ ಕೊಂಚ ಹಿಗ್ಗಿಸಿ ಕುಗ್ಗಿಸುತ್ತಾರೆ. ತೆರೆದ ಹೊತ್ತಿಗೂ ಮುಚ್ಚಿದ ಹೊತ್ತಿಗೂ ಇರುವ ಅನುಪಾತವನ್ನು ಮಾತ್ರ ಕಾಯ್ದುಕೊಳ್ಳುವುದರಿಂದ ಫ್ಯಾನಿಗೆ ಹೋಗುವ 50 ಹರ್ಟ್ಜ್ ಅಲೆ ಕೆಡುವುದಿಲ್ಲ. ಗುಡ್ಡೆ ಹರಡಿ ತಗ್ಗುತ್ತದೆ, ಸಿಳ್ಳೆ ಹೋಗಿ ಸುಯ್ಯೆನ್ನುವ ಸದ್ದು ಉಳಿಯುತ್ತದೆ. ನಲ್ಲಿಯಿಂದ ಬಕೆಟ್ಟಿಗೆ ತೊಟಕ್ ತೊಟಕ್ ಎಂದು ಬೀಳುವ ಹನಿ ನಿದ್ದೆ ಕೆಡಿಸುತ್ತದೆ. ತಗಡಿನ ಮೇಲೆ ಸುರಿವ ಮಳೆ ನಿದ್ದೆ ಬರಿಸುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜಿ. ನಾರಾಯಣನ್ ಮತ್ತು ಸಂಗಡಿಗರು ಇನ್ವರ್ಟರಿನಿಂದ ಓಡುವ ಮೋಟಾರುಗಳ ಕೀರಲು ಸದ್ದನ್ನು ಅಳೆದು, ಸ್ವಿಚಿಂಗ್ ವೇಗವನ್ನು ಬದಲಿಸುತ್ತ ಆ ಸದ್ದನ್ನು ಹರಡುವ ದಾರಿಗಳನ್ನು ತೋರಿಸಿದ್ದಾರೆ.

ಆದರೆ ಗದ್ದಲ ಹರಡುತ್ತದೆಯೇ ಹೊರತು ಇಲ್ಲವಾಗುವುದಿಲ್ಲ. ದೂರದ ಕ್ಷೀಣ ಕೇಂದ್ರವನ್ನು ಹುಡುಕುವವನಿಗೆ ಆ ಸುಯ್ಯೂ ಅಡ್ಡಿಯೇ. ಅಗ್ಗದ ಸ್ಕ್ವೇರ್ ವೇವ್ ಇನ್ವರ್ಟರಿನಲ್ಲಿ ಫ್ಯಾನ್ ಗುಂಯ್‌ಗುಡುವುದು 150, 250 ಹರ್ಟ್ಜಿನ ಹಾರ್ಮೋನಿಕ್ಸಿನಿಂದ. ಅದಕ್ಕೆ ಈ ಮದ್ದು ನಾಟದು. ಆದ್ದರಿಂದ ನನ್ನ ತೀರ್ಪು: ಮೊದಲು ಸೈನ್ ವೇವ್ ಮತ್ತು ಒಳ್ಳೆಯ ಫಿಲ್ಟರ್, ಆಮೇಲೆ ಮುರಿದ ಲಯ.

ಯಾದಗಿರಿಯ ಅಂಗಡಿಗೆ ಇನ್ವರ್ಟರ್ ಕೊಳ್ಳಲು ಹೋಗುವಾಗ ಸೆಲ್ ಹಾಕಿದ ಪುಟ್ಟ ಟ್ರಾನ್ಸಿಸ್ಟರ್ ಜೊತೆಗಿರಲಿ. ಮೀಡಿಯಂ ವೇವ್ ಹಚ್ಚಿ, ಇನ್ವರ್ಟರ್ ಚಾಲೂ ಮಾಡಿಸಿ, ಹತ್ತಿರ ಹಿಡಿದು ಕೇಳಿ. ಹಣ ಎಣಿಸುವುದು ಆಮೇಲೆ.